ಡೋವರ್‌ನಲ್ಲಿ ಬಿದ್ದ ವಿಮಾನ, ಬರ್ಮಾದಲ್ಲಿ ಸಿಕ್ಕ ಪದಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರ ಬರೆಯುತ್ತಾ, ತಲೆಗೆ ಪೇಟ ಸುತ್ತಿಕೊಂಡೇ ಯುದ್ಧವಿಮಾನ ಹಾರಿಸಿದ ಮಹಿಂದರ್ ಸಿಂಗ್ ಪುಜ್ಜಿ ಅವರ ಹೆಸರು ಎತ್ತಿದ್ದೆ. ಎರಡೇ ಸಾಲು: ಗುಂಡು ಬಿದ್ದ ವಿಮಾನದಿಂದ ಧುಮುಕದೆ ಅದನ್ನು ಇಂಗ್ಲೆಂಡಿನ ಕರಾವಳಿಯ ಡೋವರ್‌ವರೆಗೆ ತಂದು ನೆಲಕ್ಕೆ ಅಪ್ಪಳಿಸಿದರು, ಪೇಟದಿಂದ ಜೀವ ಉಳಿಯಿತು, ಏಳೇ ದಿನಕ್ಕೆ ಮತ್ತೆ ಹಾರಿದರು ಅಂತ. ಅದಕ್ಕೆ ಬಂದ ಪತ್ರಗಳನ್ನು ನೋಡಿದ ಮೇಲೆ ಈ ಸಲದ ಅಂಕಣವನ್ನು ಪೂರ್ತಿ ಅವರಿಗೇ ಬಿಟ್ಟುಕೊಡೋಣ ಅನ್ನಿಸಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಮಾಡಿದ್ದೇನೆ.

ಪ್ರಶ್ನೆ: ಪುಜ್ಜಿ ಯಾವ ಊರಿನವರು? ಭಾರತದ ಹುಡುಗನೊಬ್ಬ ಬ್ರಿಟನ್ನಿನ ಆಕಾಶದಲ್ಲಿ ಜರ್ಮನರ ಜೊತೆ ಹೋರಾಡಲು ಹೋದದ್ದು ಹೇಗೆ?

ಉತ್ತರ: ಹುಟ್ಟಿದ್ದು ಶಿಮ್ಲಾದಲ್ಲಿ, 1918ರ ಆಗಸ್ಟ್ 14ರಂದು. ಯುದ್ಧ ಶುರುವಾಗುವ ಮೊದಲೇ ಹಾರಾಟ ಕಲಿತಿದ್ದರು. ಕೆಲಕಾಲ ಹಿಮಾಲಯ ಏರ್‌ವೇಸ್‌ನಲ್ಲಿ ಪೈಲಟ್ ಆಗಿದ್ದರು, ಆಮೇಲೆ ಬರ್ಮಾ ಶೆಲ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಒಳ್ಳೆಯ ಸಂಬಳ, ನೆಮ್ಮದಿಯ ನೌಕರಿ. 1940ರಲ್ಲಿ ಬ್ರಿಟನ್ನಿಗೆ ಪೈಲಟ್‌ಗಳ ಕೊರತೆ ಜೋರಾಗಿತ್ತು. ಮೊದಲೇ ಹಾರಲು ಗೊತ್ತಿರುವ ಭಾರತೀಯರು ಬೇಕು ಎಂದು ಕರೆ ಬಂತು, ಇವರು ಅರ್ಜಿ ಹಾಕಿದರು.

ಆಗ ಭಾರತೀಯ ವಾಯುಪಡೆ ಎಷ್ಟು ಚಿಕ್ಕದಾಗಿತ್ತು ಅಂತ ನೆನಪಿಟ್ಟುಕೊಳ್ಳಬೇಕು. 1932ರ ಅಕ್ಟೋಬರ್ 8ರಂದು ಹುಟ್ಟಿದ ಪಡೆ ಅದು. ಯುದ್ಧ ಶುರುವಾದಾಗ ಇದ್ದದ್ದು ಒಂದೇ ಒಂದು ಸ್ಕ್ವಾಡ್ರನ್ (ವಿಮಾನಗಳ ತುಕಡಿ), ಅದರಲ್ಲೂ ಹಳೆಯ ಎರಡು ಅಂತಸ್ತಿನ ರೆಕ್ಕೆಯ ವಿಮಾನಗಳು. ಹಾಗಾಗಿ 24 ಜನ ಪೈಲಟ್‌ಗಳನ್ನು ಆರಿಸಿ ಹಡಗಿನಲ್ಲಿ ಬ್ರಿಟನ್ನಿಗೆ ಕಳಿಸಿದ್ದು ದೊಡ್ಡ ವಿಷಯವೇ. ಅವರು ಅಲ್ಲಿ ಕಾಲಿಟ್ಟದ್ದು 1940ರ ಅಕ್ಟೋಬರ್‌ನಲ್ಲಿ. ಲಂಡನ್ನಿನ ಮೇಲೆ ರಾತ್ರಿ ರಾತ್ರಿಯೂ ಬಾಂಬು ಬೀಳುತ್ತಿದ್ದ ತಿಂಗಳು ಅದು. ತರಬೇತಿ ಮುಗಿಸಿದ ಪುಜ್ಜಿ 43ನೇ ಸ್ಕ್ವಾಡ್ರನ್, ಆಮೇಲೆ 258ನೇ ಸ್ಕ್ವಾಡ್ರನ್ ಸೇರಿ ಹರಿಕೇನ್ ಎಂಬ ಯುದ್ಧವಿಮಾನ ಹಾರಿಸಿದರು. ಆ 24 ಜನರಲ್ಲಿ ಹಲವರು ಮನೆಗೆ ವಾಪಸ್ ಬರಲಿಲ್ಲ.

ಪ್ರಶ್ನೆ: ವಿಮಾನಕ್ಕೆ ಗುಂಡು ಬಿದ್ದಾಗ ಪ್ಯಾರಾಚೂಟ್ ಇದ್ದರೂ ಯಾಕೆ ಹಾರಲಿಲ್ಲ? ಉರಿಯುವ ವಿಮಾನವನ್ನು ನೆಲಕ್ಕೆ ಇಳಿಸುವುದಕ್ಕಿಂತ ಅದು ಸುಲಭ ಅಲ್ವಾ?

ಉತ್ತರ: ಅವರಿಗೆ ಈಜು ಬರುತ್ತಿರಲಿಲ್ಲ. ಕಾರಣ ಇಷ್ಟೇ.

1941ರಲ್ಲಿ ನಡೆದದ್ದು ಇದು. ಇಂಗ್ಲಿಷ್ ಕಾಲುವೆಯ ಮೇಲೆ ಜರ್ಮನರ ಮೆಸ್ಸರ್‌ಸ್ಮಿಟ್ 109 ವಿಮಾನದ ಗುಂಡುಗಳು ಇವರ ಹರಿಕೇನ್‌ಗೆ ಹೊಡೆದವು. ಎಂಜಿನ್ ಕೆಟ್ಟಿತು. ಕೆಳಗೆ ಬರೀ ನೀರು. ನೀರಿಗೆ ಧುಮುಕು, ದೋಣಿಯವರು ಬಂದು ಎತ್ತಿಕೊಳ್ಳುತ್ತಾರೆ ಎಂದು ರೇಡಿಯೋದಲ್ಲಿ ಸಲಹೆ ಬಂತು. ತೇಲುವ ಜಾಕೆಟ್ಟೇನೋ ಮೈಮೇಲೆ ಇತ್ತು. ಆದರೆ ಈಜು ಬಾರದವನಿಗೆ ತಣ್ಣನೆಯ ಸಮುದ್ರ ಎಂದರೆ ಏನು ಅಂತ ಕೆರೆ ಬಾವಿಯ ಪಕ್ಕ ಬೆಳೆದ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟರಲ್ಲಿ ದೂರದಲ್ಲಿ ಡೋವರ್‌ನ ಬಿಳಿ ಬಂಡೆಗಳು ಕಂಡವು. ಅಲ್ಲಿಯವರೆಗೆ ಹೋಗಬಲ್ಲೆ ಅನ್ನಿಸಿತು. ಹೋದರು.

ಎಂಜಿನ್ ಸತ್ತ ವಿಮಾನಕ್ಕೆ ಉಳಿಯುವ ಬಂಡವಾಳ ಎತ್ತರ ಒಂದೇ. ಅದನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಾ ಮುಂದೆ ಸಾಗಬೇಕು. ಮೂಗು ಮೇಲೆತ್ತಿದರೆ ವೇಗ ಸತ್ತು ಕಲ್ಲಿನ ಹಾಗೆ ಬೀಳುತ್ತದೆ. ಮೂಗು ಜಾಸ್ತಿ ಬಗ್ಗಿಸಿದರೆ ದಡ ಸಿಗುವ ಮೊದಲೇ ನೀರು. ಕೈ ಹೇಳುತ್ತದೆ ‘ಮೇಲೆ ಎಳಿ, ಇನ್ನೂ ಸ್ವಲ್ಪ ದೂರ ಹೋಗಲಿ’ ಅಂತ. ಆ ಆಸೆಗೆ ಬಗ್ಗದೆ ಕೈ ಬಿಗಿ ಹಿಡಿಯಬೇಕು.

ಬಂಡೆ ದಾಟಿ ನೆಲಕ್ಕೆ ಅಪ್ಪಳಿಸಿದ ವಿಮಾನಕ್ಕೆ ಬೆಂಕಿ ಹತ್ತಿಕೊಂಡಿತು. ಓಡಿಬಂದವರು ಇವರನ್ನು ಹೊರಗೆ ಎಳೆದರು. ಕೊನೆಗಾಲದ ಸಂದರ್ಶನಗಳಲ್ಲಿ ಪುಜ್ಜಿ ಆ ಕ್ಷಣವನ್ನು ಹೇಳುವಾಗ ಒಂದು ಮಾತು ಬಂದೇ ಬರುತ್ತಿತ್ತು: ಕಣ್ಣು ಮುಚ್ಚಿತ್ತು, ಏನೂ ಕಾಣುತ್ತಿರಲಿಲ್ಲ, ಸುತ್ತಲಿನವರು ‘ಇನ್ನೂ ಜೀವ ಇದೆ, ಜೀವ ಇದೆ’ ಅಂತ ಕೂಗುವುದು ಮಾತ್ರ ಕೇಳಿಸುತ್ತಿತ್ತು. ಆಸ್ಪತ್ರೆಗೆ ಸೇರಿಸಿದರು. ಏಳು ದಿನಕ್ಕೆ ಮತ್ತೆ ವಿಮಾನ ಹತ್ತಿದರು.

ಇಲ್ಲಿ ಇನ್ನೊಂದು ವಿಷಯ ಸೇರಿಸುತ್ತೇನೆ. ಹರಿಕೇನ್ ವಿಮಾನವನ್ನು ನೀರಿನ ಮೇಲೆ ಇಳಿಸುವುದು ಈಜು ಬರುವವರಿಗೂ ಕಷ್ಟವೇ. ಅದರ ಹೊಟ್ಟೆಯ ಕೆಳಗೆ ರೇಡಿಯೇಟರ್ ಡಬ್ಬಿಯ ಹಾಗೆ ಜೋತುಬಿದ್ದಿರುತ್ತದೆ. ನೀರಿಗೆ ತಾಗಿದ ಕೂಡಲೇ ಅದು ಬಾಯಿ ತೆರೆದ ಬಿಂದಿಗೆಯಂತೆ ನೀರು ತುಂಬಿಕೊಂಡು ಮೂಗನ್ನು ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಪುಜ್ಜಿಯವರ ಮುಂದೆ ಇದ್ದದ್ದು ಎರಡೇ ದಾರಿ, ನೀರಿಗೆ ಧುಮುಕುವುದು ಇಲ್ಲವೇ ದಡ ಮುಟ್ಟುವುದು. ಎರಡನೆಯದನ್ನು ಆರಿಸಿಕೊಂಡದ್ದು ಸರಿ ಅಂತಲೇ ನನ್ನ ಲೆಕ್ಕ.

ಪ್ರಶ್ನೆ: ಕ್ರ್ಯಾಶ್ ಲ್ಯಾಂಡಿಂಗ್ ಮಾಡುವಾಗ ಚಕ್ರ ಇಳಿಸುವುದಿಲ್ಲವಂತೆ, ನಿಜವೇ? (ಪಿಯುಸಿ ವಿದ್ಯಾರ್ಥಿನಿಯೊಬ್ಬರ ಪತ್ರ)

ಉತ್ತರ: ಹೊಲ, ಹುಲ್ಲುಗಾವಲಿನಂಥ ಜಾಗದಲ್ಲಿ ಇಳಿಯುವಾಗ ಸಾಮಾನ್ಯವಾಗಿ ಇಳಿಸುತ್ತಿರಲಿಲ್ಲ. ರನ್‌ವೇ ಇಲ್ಲದ ಕಡೆ ಚಕ್ರ ಬಿಟ್ಟರೆ ಅದು ಯಾವುದಾದರೂ ಬದುವಿಗೋ ಗುಂಡಿಗೋ ಸಿಕ್ಕಿಕೊಳ್ಳುತ್ತದೆ. ಆಗ ವಿಮಾನ ಲಾಗ ಹಾಕಿ ತಲೆಕೆಳಗಾಗಿ ಬೀಳುತ್ತದೆ, ಪೈಲಟ್ ಗಾಜಿನ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಚಕ್ರ ಒಳಗೇ ಇದ್ದರೆ ಹೊಟ್ಟೆಯ ಮೇಲೆ ಜಾರಿಕೊಂಡು ಹೋಗಿ ನಿಲ್ಲುತ್ತದೆ. ಪ್ರೊಪೆಲ್ಲರ್ ಬಾಗುತ್ತದೆ, ರೇಡಿಯೇಟರ್ ಕಿತ್ತುಹೋಗುತ್ತದೆ, ಆದರೆ ಆಳು ಉಳಿಯುವ ಸಾಧ್ಯತೆ ಜಾಸ್ತಿ.

ಇಳಿಯುವ ಮೊದಲು ಮಾಡಬೇಕಾದ ಕೆಲಸಗಳೂ ಇವೆ. ಪೆಟ್ರೋಲ್ ಬಂದ್ ಮಾಡುವುದು, ಎಂಜಿನ್ ಸ್ವಿಚ್ ಆರಿಸುವುದು, ತಲೆಯ ಮೇಲಿನ ಗಾಜಿನ ಮುಚ್ಚಳವನ್ನು ಹಿಂದಕ್ಕೆ ಸರಿಸಿಕೊಳ್ಳುವುದು (ಆಮೇಲೆ ಅದು ಸಿಕ್ಕಿಕೊಂಡರೆ ಹೊರಬರಲು ದಾರಿಯೇ ಇಲ್ಲ), ಭುಜದ ಪಟ್ಟಿಗಳನ್ನು ಎಳೆದು ಬಿಗಿ ಮಾಡುವುದು. ಪಟ್ಟಿ ಸಡಿಲ ಇದ್ದರೆ ಮುಖ ನೇರವಾಗಿ ಹೋಗಿ ಗುರಿ ಹಿಡಿಯುವ ಗಾಜಿಗೆ ಬಡಿಯುತ್ತದೆ, ಅದು ಕಣ್ಣಿನ ಎದುರಿಗೇ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದ್ದು. ಹರಿಕೇನ್‌ನಲ್ಲಿ ಪೈಲಟ್‌ನ ಮುಂದೆ, ಮೀಟರುಗಳ ಫಲಕದ ಆಚೆಗೇ ನೂರು ಲೀಟರಿಗೂ ಜಾಸ್ತಿ ಪೆಟ್ರೋಲ್ ಹಿಡಿಯುವ ಟ್ಯಾಂಕ್ ಇತ್ತು. ಅದಕ್ಕೆ ಗುಂಡು ಬಿದ್ದರೆ ಬೆಂಕಿ ಬರುವುದು ನೇರ ಮುಖಕ್ಕೆ ಮತ್ತು ಕೈಗೆ. ಹಾಗೆ ಸುಟ್ಟುಕೊಂಡ ಪೈಲಟ್‌ಗಳಿಗೆ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮೆಕ್‌ಇಂಡೋ ಎಂಬ ಸರ್ಜನ್ ಹೊಸ ಚರ್ಮ, ಹೊಸ ರೆಪ್ಪೆ, ಹೊಸ ಮೂಗು ಕಟ್ಟಿಕೊಟ್ಟರು. ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಸುಟ್ಟಗಾಯ ನೆಲಕ್ಕೆ ಬಿದ್ದವರದ್ದಕ್ಕಿಂತ ಚೆನ್ನಾಗಿ ಮಾಯುವುದನ್ನು ಗಮನಿಸಿ, ಗಾಯಾಳುಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಕೂರಿಸುವ ಚಿಕಿತ್ಸೆ ಶುರು ಮಾಡಿದ್ದೂ ಅವರೇ. ನಿಮಗೆ ವೈದ್ಯಕೀಯದಲ್ಲಿ ಆಸಕ್ತಿ ಇದೆ ಎಂದು ಬರೆದಿದ್ದೀರಿ, ಅವರ ಬಗ್ಗೆ ಖಂಡಿತ ಓದಿ.

ಪ್ರಶ್ನೆ: ಹೆಲ್ಮೆಟ್ ಬಿಟ್ಟು ಪೇಟ ಕಟ್ಟಿಕೊಂಡು ಹಾರಲು ಬ್ರಿಟಿಷರು ಬಿಟ್ಟರೇ? ಪೇಟದಿಂದಲೇ ಜೀವ ಉಳಿಯಿತು ಎನ್ನುವುದು ಸುಮ್ನೆ ಕಟ್ಟುಕಥೆ ಇರಬಹುದಲ್ಲವೇ?

ಉತ್ತರ: ಬಿಟ್ಟರು. ಪುಜ್ಜಿಯವರೂ ಪಟ್ಟು ಹಿಡಿದರು. ನಾನು ಸಿಖ್, ಪೇಟ ತೆಗೆಯುವುದಿಲ್ಲ ಅಂತ. ಆಗ ಪೈಲಟ್‌ಗಳು ತೊಡುತ್ತಿದ್ದದ್ದು ಮೋಟರ್ ಸೈಕಲ್ಲಿನವರ ಗಟ್ಟಿ ಹೆಲ್ಮೆಟ್ ಥರದ್ದಲ್ಲ, ಮೆತ್ತನೆಯ ಚರ್ಮದ ಟೊಪ್ಪಿಗೆ. ಅದರ ಮುಖ್ಯ ಕೆಲಸ ಕಿವಿಯ ಮೇಲೆ ಇಯರ್‌ಫೋನ್ ಹಿಡಿದು ನಿಲ್ಲಿಸುವುದು. ಪೇಟದ ಮೇಲೆ ಅದು ಕೂರುವುದಿಲ್ಲ. ಅದಕ್ಕೆ ಪುಜ್ಜಿ ಇಯರ್‌ಫೋನ್ ಕಟ್ಟಿಕೊಳ್ಳಲು ಬೇರೆಯೇ ಒಂದು ಪಟ್ಟಿ ಮಾಡಿಸಿಕೊಂಡರು. ಪೇಟದ ಮೇಲೆ ವಾಯುಪಡೆಯ ಲಾಂಛನ ಹಚ್ಚಿಕೊಂಡರು. ವಿಮಾನದಲ್ಲಿ ಯಾವಾಗಲೂ ಇನ್ನೊಂದು ಪೇಟ ಇಟ್ಟುಕೊಳ್ಳುತ್ತಿದ್ದರು. ಎಲ್ಲಿಯಾದರೂ ಬಿದ್ದು ಇದ್ದದ್ದು ಹಾಳಾದರೆ ಬೇಕಲ್ಲ ಅಂತ! ಈ ಒಂದು ವಿವರ ನನಗೆ ಬಹಳ ಇಷ್ಟ. ಸಾಯಬಹುದು ಅಂತ ಗೊತ್ತಿದ್ದೂ, ಬದುಕಿದರೆ ನೆಟ್ಟಗೆ ಪೇಟ ಕಟ್ಟಿಕೊಂಡು ನಾಲ್ಕು ಜನರ ಎದುರು ನಿಲ್ಲಬೇಕು ಅಂತ ಯೋಚಿಸುವ ಮನುಷ್ಯ.

ಇನ್ನು ಕಟ್ಟುಕಥೆಯ ವಿಷಯ. ಚರ್ಮದ ಟೊಪ್ಪಿಗೆಗೆ ಹೋಲಿಸಿದರೆ ಸುತ್ತು ಸುತ್ತಾಗಿ ಬಿಗಿದ ಬಟ್ಟೆ ಪೆಟ್ಟನ್ನು ಹೀರಿಕೊಳ್ಳುವುದು ಸಹಜವೇ ಅಲ್ವಾ? ಅಪಘಾತದ ನಂತರ ಪೇಟ ರಕ್ತದಲ್ಲಿ ತೊಯ್ದುಹೋಗಿತ್ತು, ಅದರ ದಪ್ಪವೇ ನನ್ನ ತಲೆ ಉಳಿಸಿತು ಎಂದು ಅವರೇ ಹೇಳಿದ್ದಾರೆ. ಬಿದ್ದವರು ಅವರು. ಅವರ ಮಾತನ್ನು ನಾನು ನಂಬುತ್ತೇನೆ.

ಪ್ರಶ್ನೆ: ಏಳೇ ದಿನಕ್ಕೆ ಮತ್ತೆ ಹಾರಿದರು ಎಂದು ಬರೆದಿರಿ. ಆಮೇಲೆ ಏನಾಯಿತು? ಪದಕ ಸಿಕ್ಕಿದ್ದು ಈ ಸಾಹಸಕ್ಕೇನಾ?

ಉತ್ತರ: ಈ ಪ್ರಶ್ನೆ ಕೇಳಿದ್ದು ಒಬ್ಬರೇ. ಉಳಿದ ಪತ್ರಗಳೆಲ್ಲ ಬಿದ್ದ ಕಥೆಯ ಸುತ್ತಲೇ ಇವೆ. ಅದು ತಪ್ಪಲ್ಲ, ಬೀಳುವುದು ರೋಚಕ. ಆದರೆ ಪದಕ ಸಿಕ್ಕಿದ್ದು ಅದಕ್ಕಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಬ್ರಿಟನ್ನಿನಿಂದ ಅವರು ಹೋದದ್ದು ಉತ್ತರ ಆಫ್ರಿಕಾದ ಮರುಭೂಮಿಗೆ. ಅಲ್ಲಿಯೂ ಒಮ್ಮೆ ಕೆಳಗೆ ಬಿದ್ದರು, ಬ್ರಿಟಿಷ್ ಸೈನಿಕರು ಎತ್ತಿಕೊಂಡು ಬಂದರು. ಶತ್ರುವಿಗಿಂತ ಜಾಸ್ತಿ ಕಾಡಿದ್ದು ಊಟ. ಸೈನ್ಯದಲ್ಲಿ ಕೊಡುತ್ತಿದ್ದದ್ದು ಡಬ್ಬಿಯಲ್ಲಿ ತುಂಬಿದ ದನದ ಮಾಂಸ, ಅದನ್ನು ಇವರು ತಿನ್ನುವವರಲ್ಲ. ಬಿಸ್ಕತ್ತು ತಿಂದುಕೊಂಡು ದಿನ ದೂಡಿದರು. ಕೊನೆಗೆ ಭಾರತಕ್ಕೆ ವರ್ಗವಾಯಿತು. ಕೆಲಕಾಲ ಅಫ್ಘಾನಿಸ್ತಾನದ ಕಡೆಯ ಗಡಿಯಲ್ಲಿ ಹಾರಿದರು. ಅಲ್ಲಿಂದ ಬರ್ಮಾ.

ಬರ್ಮಾದಲ್ಲಿ 6ನೇ ಮತ್ತು 4ನೇ ಸ್ಕ್ವಾಡ್ರನ್‌ಗಳಲ್ಲಿ ಅವರು ಮಾಡಿದ ಕೆಲಸಕ್ಕೆ ಒಂದೇ ಪದದ ಹೆಸರು ಬೇಕಾದರೆ, ‘ನೋಡುವುದು’. ವಿಮಾನ ಅದೇ ಹರಿಕೇನ್, ಆದರೆ ಕೆಲಸ ಬೇರೆ. ಜಪಾನಿ ಸೈನ್ಯ ಕಾಡಿನೊಳಗೆ ಎಲ್ಲಿದೆ, ಯಾವ ಕಡೆ ಹೊರಟಿದೆ, ಯಾವ ಹೊಳೆಗೆ ಸೇತುವೆ ಕಟ್ಟುತ್ತಿದೆ, ಇದನ್ನು ಕಣ್ಣಾರೆ ಕಂಡು ಬಂದು ಹೇಳಬೇಕು. ಎರಡು ವಿಮಾನ ಜೊತೆಯಾಗಿ ಹೊರಡುತ್ತವೆ. ಒಬ್ಬ ನೆಲವನ್ನೇ ನೋಡುತ್ತಾನೆ. ಇನ್ನೊಬ್ಬ ಹಿಂದೆ ಮುಂದೆ ಓಲಾಡುತ್ತಾ ಅವನ ಬೆನ್ನು ಕಾಯುತ್ತಾನೆ, ಏಕೆಂದರೆ ನೆಲ ನೋಡುವವನಿಗೆ ಆಕಾಶ ನೋಡಲು ಪುರುಸೊತ್ತಿಲ್ಲ. ಮರದ ತುದಿ ಸವರುವಷ್ಟು ಕೆಳಗೆ ಹಾರಬೇಕು. ತೊಡೆಯ ಮೇಲೆ ನಕಾಶೆ, ಅದರ ಮೇಲೆ ಪೆನ್ಸಿಲ್ ಗುರುತು. ಕಾಡು ಎಲ್ಲ ಕಡೆ ಒಂದೇ ಹಸಿರು. ಅದರಲ್ಲಿ ಒಂದು ಕಡೆ ಹಸಿರು ಸ್ವಲ್ಪ ಬಾಡಿದ್ದರೆ, ಅದು ಕಡಿದು ತಂದು ಲಾರಿಯ ಮೇಲೆ ಹೊದಿಸಿದ ಕೊಂಬೆ ಇರಬಹುದು. ನಿನ್ನೆ ಇಲ್ಲದ ಕಾಲುದಾರಿ ಇವತ್ತು ಕಾಣುತ್ತಿದ್ದರೆ ರಾತ್ರಿ ಅಲ್ಲಿ ಜನ ನಡೆದಿದ್ದಾರೆ.

ಇದರ ಮೇಲೆ ಮಳೆ. ಮಲೆನಾಡಿನ ಆಷಾಢವನ್ನು ನೆನಪಿಸಿಕೊಳ್ಳಿ, ಅದನ್ನು ಇನ್ನಷ್ಟು ಜೋರು ಮಾಡಿ. ಮೋಡ ಬೆಟ್ಟದ ತಲೆಯ ಮೇಲೆ ಕೂತುಬಿಟ್ಟರೆ ಕಣಿವೆಯೊಳಗೆ ನುಗ್ಗಿದ ವಿಮಾನಕ್ಕೆ ಮೇಲೂ ದಾರಿ ಇಲ್ಲ, ತಿರುಗಲೂ ಜಾಗ ಇಲ್ಲ. ಮಳೆಗಾಲದಲ್ಲಿ ಯುದ್ಧ ನಿಲ್ಲಿಸುವುದೇ ಅಲ್ಲಿ ರೂಢಿಯಾಗಿತ್ತು. 1944ರಲ್ಲಿ ಜನರಲ್ ಸ್ಲಿಮ್ ಅವರ 14ನೇ ಸೇನೆ ನಿಲ್ಲಿಸಲಿಲ್ಲ. ಹಾಗೆ ನಿಲ್ಲಿಸದೆ ಇರಲು ಸಾಧ್ಯವಾದದ್ದರಲ್ಲಿ ಈ ನೋಡುವ ಪೈಲಟ್‌ಗಳ ಪಾಲು ದೊಡ್ಡದು.

1945ರಲ್ಲಿ ಪುಜ್ಜಿಯವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಅದರ ಜೊತೆಗಿನ ಬರಹದಲ್ಲಿ ಡೋವರ್‌ನ ಹೆಸರಿಲ್ಲ, ಬೆಂಕಿ ಹತ್ತಿದ ವಿಮಾನವೂ ಇಲ್ಲ. ಜಪಾನಿಯರ ಕೈಯಲ್ಲಿದ್ದ ಪ್ರದೇಶದ ಮೇಲೆ, ಕೆಟ್ಟ ಮಳೆಯಲ್ಲೂ ಹಲವು ಸಲ ಹಾರಿ, ಶತ್ರು ಎಲ್ಲಿದ್ದಾನೆ, ಹೇಗೆ ಚಲಿಸುತ್ತಿದ್ದಾನೆ ಎಂಬ ಮಾಹಿತಿ ತಂದುಕೊಟ್ಟರು, ಅದರಿಂದ ಮಳೆಗಾಲ ಪೂರ್ತಿ ದಾಳಿ ಮುಂದುವರಿಸಲು ಸಾಧ್ಯವಾಯಿತು ಎಂದಿದೆ. ಕಾಡಿನಲ್ಲಿ ದಾರಿ ತಪ್ಪಿದ್ದ ಸುಮಾರು 300 ಅಮೆರಿಕನ್ ಸೈನಿಕರನ್ನು ಹುಡುಕಿಕೊಟ್ಟದ್ದನ್ನೂ ಪುಜ್ಜಿ ನೆನಪಿಸಿಕೊಳ್ಳುತ್ತಿದ್ದರು. ಬೇರೆಯವರು ಹುಡುಕಿ ಸೋತಿದ್ದ ಕಾಡು ಅದು.

ಡೋವರ್‌ನಲ್ಲಿ ಅವರಿಗೆ ಬೇಕಾದದ್ದು ಕೆಲವು ನಿಮಿಷದ ಧೈರ್ಯ. ಬರ್ಮಾದಲ್ಲಿ ಬೇಕಾದದ್ದು ದಿನಾ ಬೆಳಿಗ್ಗೆ ಎದ್ದು ಅದೇ ಮೋಡಕ್ಕೆ ಮತ್ತೆ ನುಗ್ಗುವ ಧೈರ್ಯ. ಒಮ್ಮೆ ಬಿದ್ದರೆ ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ ತಿಂಗಳುಗಟ್ಟಲೆ ಹಾಗೆ ಹೋದರು. ನನಗೆ ಅವರಲ್ಲಿ ಅತಿ ಹೆಚ್ಚು ಗೌರವ ಬರುವುದು ಇಲ್ಲಿ.

ಪ್ರಶ್ನೆ: ನಮ್ಮವರು ಸ್ವಾತಂತ್ರ್ಯಕ್ಕಾಗಿ ಜೈಲಿನಲ್ಲಿದ್ದಾಗ ಇವರು ಬ್ರಿಟಿಷರ ಪರವಾಗಿ ಹೋರಾಡಿದರು. ಇದನ್ನು ಹೊಗಳಬೇಕೇ?

ಉತ್ತರ: ನೇರವಾಗಿ ಕೇಳಿದ್ದಕ್ಕೆ ಧನ್ಯವಾದ. ಭಾರತವನ್ನು ಒಂದು ಮಾತೂ ಕೇಳದೆ 1939ರಲ್ಲಿ ಯುದ್ಧಕ್ಕೆ ಎಳೆದುಹಾಕಿದ್ದು ಅನ್ಯಾಯವೇ. ಅದನ್ನು ವಿರೋಧಿಸಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. 1942ರಲ್ಲಿ ಜೈಲು ತುಂಬಿತು. ಅವರ ದಾರಿ ದೊಡ್ಡದು.

ಆದರೆ 22 ವರ್ಷದ ಪುಜ್ಜಿಗೆ ಹೊರಡುವಾಗ ತಲೆಯಲ್ಲಿ ಇದ್ದದ್ದು ಹಾರಾಟದ ಹುಚ್ಚು, ಸಾಹಸದ ಆಸೆ. ಅದನ್ನು ಅವರು ಮುಚ್ಚಿಡಲಿಲ್ಲ. ಬರ್ಮಾಕ್ಕೆ ಬರುವ ಹೊತ್ತಿಗೆ ಯುದ್ಧ ಇಂಫಾಲ, ಕೊಹಿಮಾದವರೆಗೆ, ಅಂದರೆ ನಮ್ಮ ಮನೆಬಾಗಿಲಿಗೇ ಬಂದಿತ್ತು. ಅದೇ ಗಡಿಯಲ್ಲಿ ಆಜಾದ್ ಹಿಂದ್ ಫೌಜಿನ ನಮ್ಮವರೂ ಎದುರು ಪಕ್ಷದಲ್ಲಿ ನಿಂತಿದ್ದರು. ಇದು ನೋವಿನ ವಿಷಯ, ಸುಲಭದ ತೀರ್ಪು ಸಿಗುವುದಿಲ್ಲ. ನಾನು ಹೇಳುವುದಿಷ್ಟು: 1947ರಲ್ಲಿ ಸ್ವತಂತ್ರ ಭಾರತಕ್ಕೆ ಸಿಕ್ಕಿದ ವಾಯುಪಡೆಯನ್ನು ಆ ಯುದ್ಧದಲ್ಲಿ ಹಾರಾಟ ಕಲಿತವರೇ ಮುನ್ನಡೆಸಿದರು. 6ನೇ ಸ್ಕ್ವಾಡ್ರನ್ನಿನ ನಾಯಕರಾಗಿದ್ದ ಮೆಹರ್ ಸಿಂಗ್ ಅವರೇ 1948ರಲ್ಲಿ ನೆಟ್ಟಗಿನ ರನ್‌ವೇ ಕೂಡ ಇಲ್ಲದ ಲೇಹ್‌ನಲ್ಲಿ ಡಕೋಟಾ ವಿಮಾನ ಇಳಿಸಿದವರು. ಲಡಾಖ್ ನಮ್ಮ ಕೈತಪ್ಪದೆ ಉಳಿದದ್ದರಲ್ಲಿ ಆ ಇಳಿತದ ಪಾಲು ಇದೆ.

ಪ್ರಶ್ನೆ: ಹೀಗೆ ಬಿದ್ದು ಮತ್ತೆ ಹಾರಿದವರು ಬೇರೆ ಯಾರಾದರೂ ಇದ್ದಾರೆಯೇ? ನಮ್ಮ ಕರ್ನಾಟಕದವರು?

ಉತ್ತರ: ಸೋವಿಯತ್ ಪೈಲಟ್ ಅಲೆಕ್ಸೇಯ್ ಮರೇಸ್ಯೆವ್ ಹೆಸರು ಮೊದಲು ಹೇಳಬೇಕು. 1942ರ ಏಪ್ರಿಲ್‌ನಲ್ಲಿ ಅವರ ಯಾಕ್ ವಿಮಾನ ಹಿಮದ ಕಾಡಿಗೆ ಬಿತ್ತು. ಪಾದ ನುಜ್ಜುಗುಜ್ಜಾಗಿತ್ತು. 18 ದಿನ, ಬಹುಪಾಲು ತೆವಳಿಕೊಂಡೇ, ತಮ್ಮವರ ಕಡೆಗೆ ಬಂದರು. ಎರಡೂ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಒಂದು ವರ್ಷ ಕೃತಕ ಕಾಲಿನಲ್ಲಿ ನಡೆಯಲು, ಕುಣಿಯಲು ಕೂಡ ಕಲಿತು, ವೈದ್ಯರನ್ನು ಒಪ್ಪಿಸಿ 1943ರ ಬೇಸಿಗೆಯಲ್ಲಿ ಮತ್ತೆ ಯುದ್ಧಕ್ಕೆ ಹೋದರು. ಒಟ್ಟು 11 ಶತ್ರು ವಿಮಾನ ಕೆಡವಿದರು, ಅದರಲ್ಲಿ 7 ಕಾಲು ಕಳೆದುಕೊಂಡ ಮೇಲೆ.

ನಮ್ಮವರೆಂದರೆ ಕೊಡಗಿನ ನಂದಾ ಕಾರಿಯಪ್ಪ. ಅವರದ್ದು ಕ್ರ್ಯಾಶ್ ಲ್ಯಾಂಡಿಂಗ್ ಅಲ್ಲ. 1965ರ ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಇನ್ನೇನು ಕೆಲವೇ ಗಂಟೆ ಇರುವಾಗ, ಅವರ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ಬಿತ್ತು. ಹೊರಗೆ ಚಿಮ್ಮಿ ಪಾಕಿಸ್ತಾನದ ಕೈಗೆ ಸಿಕ್ಕಿದರು. ಬೆನ್ನುಮೂಳೆಗೆ ಪೆಟ್ಟಾಗಿತ್ತು. ತಂದೆ ಜನರಲ್ ಕಾರಿಯಪ್ಪನವರ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರು ನಂದಾ ಅವರನ್ನು ಬಿಟ್ಟುಕೊಡುವ ಮಾತಾಡಿದಾಗ, ಎಲ್ಲ ಯೋಧರನ್ನೂ ಬಿಡಿ, ಇಲ್ಲವೇ ಯಾರನ್ನೂ ಬಿಡಬೇಡಿ ಎಂದು ತಂದೆ ಹೇಳಿದ್ದು ಮಡಿಕೇರಿಯಲ್ಲಿ ಮಕ್ಕಳಿಗೂ ಗೊತ್ತು. ನಾಲ್ಕು ತಿಂಗಳ ಸೆರೆಯ ನಂತರ ನಂದಾ ವಾಪಸ್ ಬಂದರು, ಹೆಲಿಕಾಪ್ಟರ್ ಹಾರಿಸಿದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಅಲ್ಲಿಯೂ ಎಲ್ಲರಿಗೂ ಗೊತ್ತಿರುವುದು ಸೆರೆಯ ಕಥೆ. ಆಮೇಲಿನ ಸೇವೆಯ ವರ್ಷಗಳ ಮಾತು ಯಾರೂ ಎತ್ತುವುದಿಲ್ಲ.

ಪ್ರಶ್ನೆ: ಪುಜ್ಜಿಯವರ ಕೊನೆಗಾಲ ಹೇಗಿತ್ತು?

ಉತ್ತರ: ಯುದ್ಧ ಮುಗಿದ ಮೇಲೆ ಕ್ಷಯರೋಗ ಹಿಡಿಯಿತು. ಅದನ್ನೂ ಗೆದ್ದರು. 1974ರಲ್ಲಿ ಬ್ರಿಟನ್ನಿಗೆ ಹೋಗಿ ನೆಲೆಸಿದರು. ಯುದ್ಧದ ಸ್ಮರಣೆಯ ಸಮಾರಂಭಗಳಲ್ಲಿ ಭಾರತೀಯ ಪೈಲಟ್‌ಗಳನ್ನು ಮರೆತೇಬಿಡುತ್ತಾರೆ ಎಂಬ ನೋವು ಅವರಿಗೆ ಇತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು. 2009ರಲ್ಲಿ, ವಲಸಿಗರನ್ನು ವಿರೋಧಿಸುವ ಅಲ್ಲಿನ ಪಕ್ಷವೊಂದು ಚುನಾವಣೆಯ ಪ್ರಚಾರಕ್ಕೆ ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನದ ಚಿತ್ರ ಬಳಸಿತು. 90 ದಾಟಿದ್ದ ಪುಜ್ಜಿ ಸುಮ್ಮನಿರಲಿಲ್ಲ. ಬೇರೆ ಬೇರೆ ದೇಶದವರು ಸೇರಿ ಮಾಡಿದ ಯುದ್ಧ ಅದು, ಇವರು ಅದನ್ನು ಮರೆತಿದ್ದಾರೆ ಎಂದು ಪತ್ರಿಕೆಗಳಿಗೆ ಹೇಳಿದರು. (ಆ ಚಿತ್ರದಲ್ಲಿದ್ದ ವಿಮಾನ ಪೋಲೆಂಡಿನ ಪೈಲಟ್‌ಗಳ ಸ್ಕ್ವಾಡ್ರನ್ನಿನದ್ದು ಅಂತ ಆಮೇಲೆ ಗೊತ್ತಾಯಿತು.)

2010ರಲ್ಲಿ ಆತ್ಮಕಥೆ ಹೊರಬಂತು. ಅದೇ ವರ್ಷ ಸೆಪ್ಟೆಂಬರ್ 18ರಂದು ತೀರಿಕೊಂಡರು, 92 ವರ್ಷ ತುಂಬಿತ್ತು. ನಾಲ್ಕು ವರ್ಷದ ನಂತರ, 2014ರ ನವೆಂಬರ್‌ನಲ್ಲಿ, ಅವರು ಕೊನೆಯ ದಿನಗಳನ್ನು ಕಳೆದ ಗ್ರೇವ್ಸೆಂಡ್ ಊರಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಮಗನನ್ನು ನೋಡಲು ಲಂಡನ್ನಿಗೆ ಹೊರಟಿದ್ದೇನೆ ಎಂದು ಬರೆದಿರುವ ಓದುಗರಿಗೆ: ಗ್ರೇವ್ಸೆಂಡ್ ಇರುವುದು ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿಯ ದಡದಲ್ಲಿ. ರೈಲಿದೆ. ನದಿಯ ಪಕ್ಕದ ಸೇಂಟ್ ಆಂಡ್ರೂಸ್ ಗಾರ್ಡನ್ಸ್ ಎಲ್ಲಿ ಅಂತ ಕೇಳಿ, ಅಲ್ಲೇ ಇದ್ದಾರೆ.